ಜೇನುಗೂಡಿದ್ದ ಮೂಲೆ

ಕೆನ್ಮೋರ್, ಅಮೆರಿಕ
೧೪ ಮಾರ್ಚ್ ೨೦೨೫

ಪ್ರೀತಿಯ ರವಿ,

ಎಂಟು ತಿಂಗಳು ಮಾತು ಬಿಟ್ಟಿದ್ದ ಹೆಂಡತಿ ಈಗ ಕ್ಷೇಮ ಕೇಳಿದರೆ ನಿನಗೆ ನಗು ಬರಬಹುದು. ಬಂದರೆ ಬರಲಿ. ಇಮೇಲ್ ತಾನೇ ಎಂದು ಅರ್ಧಕ್ಕೆ ಬಿಡಬೇಡ.

ಬರುವ ಗುರುವಾರ ಹಳೆಯ ಕಟ್ಟಡಗಳ ಸಮಿತಿಯ ಮುಂದೆ ನಿನ್ನ ವಿಚಾರಣೆಯೆಂದು ನಿನ್ನ ತಮ್ಮ ಸಂದೀಪ್ ಹೇಳಿದ. ಸ್ಕಾಟ್ಲೆಂಡಿನ ಆ ಹಳೆಯ ಬ್ಯಾಂಕಿನ ಒಳಛಾವಣಿ ಕೆಡಿಸಿದವನು ನೀನೇ ಎಂದು ಬರೆದುಕೊಡುತ್ತೀಯಂತೆ. ಆಮೇಲೆ ಹಳೆಯ ಕಟ್ಟಡಗಳ ಕೆಲಸ ನಿನಗೆ ಯಾರೂ ಕೊಡುವುದಿಲ್ಲವಂತೆ. ದಮ್ಮಯ್ಯ, ಸಹಿ ಹಾಕಬೇಡ.

ನಿನ್ನೆ ಇಲ್ಲಿ ನಮ್ಮ ಬೆಲ್ವ್ಯೂ ಆಫೀಸಿನಲ್ಲಿ ಹೊಸದಾಗಿ ಸೇರಿದ ಭಾವನಾ ಬಿಡಿಸಿದ್ದ ಛಾವಣಿ ನಕ್ಷೆಯಲ್ಲಿ ಎಡ ಬಲ ಅದಲುಬದಲಾಗಿತ್ತು. ಅಂಗಾತ ಮಲಗಿ ನೋಡಿದ ಹಾಗಲ್ಲ, ನೆಲದ ಮೇಲೆ ಕನ್ನಡಿ ಇಟ್ಟು ಬಗ್ಗಿ ನೋಡಿದ ಹಾಗೆ ಬಿಡಿಸಬೇಕು ಎಂದು ಗದರಿದೆ. ಫೋಟೊದಲ್ಲಿ ಇರೋದೇ ಹೀಗಲ್ವಾ ಅಂದಳು. ಕೂಡಲೇ ನಿನ್ನ ಹಳೆಯ ಫೋಟೊಗಳನ್ನು ತೆಗೆದು ನೋಡಿದೆ.

ಆ ಬ್ಯಾಂಕನ್ನು ನಾನು ಕಣ್ಣಾರೆ ಕಂಡಿಲ್ಲ, ಆದರೂ ಇಂಚಿಂಚೂ ಗೊತ್ತು. ಹೊರಗೆ ಕೆಂಪು ಮರಳುಗಲ್ಲಿನ ಕಂಬಗಳು, ಒಳಗೆ ಎರಡಾಳೆತ್ತರದ ಕಿಟಕಿಗಳು, ಮೇಲೆ ಮ್ಯಾನೇಜರರ ಸಂಸಾರಕ್ಕೆಂದೇ ಕಟ್ಟಿದ ಮನೆ. ವಿಕ್ಟೋರಿಯಾ ಕಾಲದ ಗಾರೆ ಕೆಲಸವನ್ನು ಯಾರೋ ಪುಣ್ಯಾತ್ಮರು ಫಾಲ್ಸ್ ಸೀಲಿಂಗ್ ಹಾಕಿ ಮುಚ್ಚಿದ್ದರು. ನೀನು ಅದರ ಸಂದಿಯಲ್ಲಿ ಅಂಗಾತ ಮಲಗಿ ಫೋಟೊ ತೆಗೆದು ಕಳಿಸಿದೆ. ನಾನು ಇದ್ದದ್ದನ್ನು ಇದ್ದ ಹಾಗೇ ನಕ್ಷೆಗೆ ಇಳಿಸಿದೆ, ತಿರುಗಿಸಲಿಲ್ಲ. ಪೂರ್ವದ ಮೂಲೆಯಲ್ಲಿದ್ದ ಗಾರೆಯ ಜೇನುಗೂಡು ನನ್ನ ಹಾಳೆಯಲ್ಲಿ ಪಶ್ಚಿಮಕ್ಕೆ ಹೋಗಿ ಕೂತಿತು. ಪೂರ್ವದ ಮೂಲೆ ಬೋಳು ಎಂದು ನಂಬಿ ಮೇಲಿನ ಮನೆಯಿಂದ ಪೈಪ್ ಇಳಿಸಲು ಕೆಲಸದವರು ತೂತು ಕೊರೆದರು. ನೂರೈವತ್ತು ವರ್ಷದ ಜೇನುಗೂಡು ಕೆಳಗೆ ಬಿದ್ದು ಪುಡಿಯಾಯಿತು.

ಅವತ್ತು ಫೋನಿನಲ್ಲಿ ನಿನಗೆ ಏನೆಲ್ಲ ಅಂದೆ! ಬೇಜವಾಬ್ದಾರಿ ಮನುಷ್ಯ, ಮನೆಯಲ್ಲೂ ನಿನ್ನದು ಇದೇ ಕಥೆ ಅಂದೆ. ನೀನು ಬರೀ ಹೂಂ ಅಂದೆ. ಅದಕ್ಕೂ ಸಿಟ್ಟು ಬಂದು ಫೋನ್ ಮಾಡುವುದನ್ನೇ ಬಿಟ್ಟೆ. ನಾಚಿಕೆಯಾಗುತ್ತಿದೆ ಕಣೋ.

ತಪ್ಪು ನನ್ನದೆಂದು ಸಮಿತಿಗೆ ಇವತ್ತೇ ಬರೆದಿದ್ದೇನೆ, ನಿನ್ನ ಫೋಟೊಗಳನ್ನೂ ಸೇರಿಸಿದ್ದೇನೆ. ಅವುಗಳಿಂದಲೇ ಅಳತೆ ತೆಗೆದು ಜೇನುಗೂಡನ್ನು ಮತ್ತೆ ಮಾಡಿಸಬಹುದು. ಇಲ್ಲಿ ನನ್ನ ಕೆಲಸಕ್ಕೆ ಏನಾಗುತ್ತದೋ ಆಗಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಶರ್ವಾಣಿ

ತಾ.ಕ.: ನೀನು ಸಮಿತಿಗೆ ಕೊಟ್ಟ ನಕ್ಷೆಯನ್ನು ಸಂದೀಪ್ ಕಳಿಸಿದ್ದ, ಈಗಷ್ಟೇ ತೆರೆದು ನೋಡಿದೆ. ‘ಬಿಡಿಸಿದವರು’ ಎಂಬಲ್ಲಿ ನಿನ್ನ ಹೆಸರಿದೆ. ನಾನು ಕಳಿಸಿದ್ದರಲ್ಲಿ ನನ್ನ ಹೆಸರಿತ್ತು. ತಿದ್ದಿದ ತಾರೀಖು ನಾನು ನಿನಗೆ ಬೈದದ್ದರ ಹಿಂದಿನ ದಿನದ್ದು. ಎಲ್ಲ ಗೊತ್ತಿದ್ದೂ ಹೂಂ ಅಂದೆಯಲ್ಲೋ, ಮಹರಾಯ.