ತೌಡಿಗೆ ಕೊಂಡ ಕೂಸು

ಕುರುಗೋಡು
೧೪-೯-೧೯೭೮

ಪ್ರೀತಿಯ ಮಗಳು ಗುರುಬಸಮ್ಮನಿಗೆ ನಿನ್ನಪ್ಪ ಹರಸಿ ಬರೆಯುವುದು,

ಹೇಗಿದ್ದೀ ತಾಯಿ? ಹೈದರಾಬಾದಿನ ನೀರು ಈಗಲಾದರೂ ಒಗ್ಗಿತೇ? ಕೆಮ್ಮು ಇದೆ ಎಂದು ನೀನು ಬರೆದಿದ್ದೆ, ಕಡಿಮೆಯಾಯಿತೋ ಇಲ್ಲವೋ ಬರೆಯಲಿಲ್ಲ. ಹಾಸ್ಟೆಲ್ಲಿನ ಅನ್ನ ಉಂಡು ನಾಲಿಗೆ ಕೆಟ್ಟಿರುತ್ತದೆಂದು ನಿನ್ನಮ್ಮ ಶೇಂಗಾ ಚಟ್ನಿಪುಡಿ ಕುಟ್ಟಿಟ್ಟಿದ್ದಾಳೆ. ಬಳ್ಳಾರಿಯಿಂದ ಆ ಕಡೆ ಹೋಗುವವರು ಸಿಕ್ಕರೆ ಕಳಿಸುತ್ತೇನೆ. ನನ್ನ ಮಂಡಿನೋವು ನನ್ನನ್ನು ಬಿಟ್ಟು ಎಲ್ಲೂ ಹೋಗಿಲ್ಲ.

ಇನ್ನೆರಡು ವರ್ಷ ಅಲ್ಲೇ ಇದ್ದು ತೌಲನಿಕ ಸಾಹಿತ್ಯದಲ್ಲಿ ಸಂಶೋಧನೆ ಮಾಡಲೇ ಎಂದು ನೀನು ಕೇಳಿ ಒಂದೂವರೆ ತಿಂಗಳಾಯಿತು. ನಾನು ಉತ್ತರ ಬರೆಯಲಿಲ್ಲ. ಬಳ್ಳಾರಿಯ ಪಾರ್ವತಿನಗರದವರು ತಮ್ಮ ಹುಡುಗನಿಗೆ ನಿನ್ನನ್ನು ಕೇಳುತ್ತಿದ್ದಾರೆ ಎಂದಷ್ಟೇ ಬರೆದು ಸುಮ್ಮನಾದೆ. ಮೂವತ್ತು ವರ್ಷ ಕನ್ನಡ ಪಂಡಿತನಾಗಿದ್ದವನಿಗೆ ನಿನ್ನ ಓದು ತಕ್ಕಡಿ ಹಿಡಿದು ಕೂರುವ ಕೆಲಸದಂತೆ ಕಂಡಿತು. ಒಂದು ಭಾಷೆಯನ್ನೇ ಪೂರ್ತಿ ಓದಿ ಮುಗಿಸಲಾಗದು, ಎರಡನ್ನು ಪಕ್ಕಪಕ್ಕ ಇಟ್ಟು ಏನು ನೋಡುತ್ತಾಳೆ ಎಂದು ನಿನ್ನಣ್ಣನ ಎದುರು ನಕ್ಕೆ. ನೀನು ಊರೂರಲ್ಲಿ ಕೇಳಿ ಬರೆದು ಕಳಿಸಿದ ಹಾಡುಗಳ ನೋಟುಬುಕ್ಕನ್ನು ಕಾಗುಣಿತ ತಿದ್ದಲಿಕ್ಕೂ ತೆರೆಯಲಿಲ್ಲ.

ಅಷ್ಟರಲ್ಲಿ ಮನೆಯಲ್ಲಿ ಒಂದು ರಾದ್ಧಾಂತ ನಡೆಯಿತು. ನಿನ್ನತ್ತಿಗೆ ಚನ್ನವೀರಮ್ಮನಿಗೆ ಮೊದಲ ಕೂಸು ಹೋದ ಮೇಲೆ ಈ ಗಂಡುಮಗು ಹುಟ್ಟಿದ್ದು ನಿನಗೆ ಗೊತ್ತು. ಅವಳ ತವರು ಸಿರುಗುಪ್ಪ ದಾಟಿ ಆದೋನಿಯ ಕಡೆ, ಬಾಣಂತನ ಮುಗಿಸಿ ಹೋದ ತಿಂಗಳು ಬಂದಳು. ಬಂದವಳು ಸಂಜೆಯಾದರೆ ತೊಟ್ಟಿಲು ತೂಗುತ್ತ ತೆಲುಗಿನಲ್ಲಿ ಹಾಡುತ್ತಾಳೆ: ‘ತವುಡುಕು ಕೊನ್ನಾನು ನಿನ್ನು, ಪೆಂಟಮೀದ ದೊರಿಕಿನಾವು.’ ತೌಡು ಕೊಟ್ಟು ಕೊಂಡೆ ನಿನ್ನ, ತಿಪ್ಪೆಯ ಮೇಲೆ ಸಿಕ್ಕವನು ನೀನು, ಕರಿಯ, ಕುರೂಪಿ, ಯಾರಿಗೂ ಬೇಡವಾದವನು, ಹೀಗೆ ಸಾಗುತ್ತದೆ. ನಮ್ಮ ಸೀಮೆಯಲ್ಲಿ ತೆಲುಗು ಯಾರಿಗೆ ಬರುವುದಿಲ್ಲ? ನಿನ್ನಮ್ಮನಿಗೆ ಅಕ್ಷರಕ್ಷರವೂ ತಿಳಿಯಿತು. ತಿಳಿದದ್ದೇ ತೊಂದರೆಯಾಯಿತು ನೋಡು. ‘ಹೆತ್ತ ಕೂಸಿಗೆ ತಿಪ್ಪಿ ಕಸ ಅಂತಾಳಲ್ರಿ! ಒಂದನ್ನ ಕಳಕೊಂಡೀವಿ, ಇದನ್ನ ಆಕಿ ಕೈಯಾಗ ಹೆಂಗ ಬಿಡ್ಲಿ?’ ಎಂದು ಮಗುವನ್ನು ಎತ್ತಿಕೊಂಡು ಒಳಕೋಣೆಗೆ ಹೋದಳು. ಆಮೇಲೆ ಹಾಲು ಕುಡಿಸುವಾಗ ಮಾತ್ರ ತಾಯಿಯ ಕೈಗೆ ಕೊಡುವುದು. ಎಂಟು ದಿನ ಹೀಗೇ ನಡೆಯಿತು. ಚನ್ನವೀರಮ್ಮ ಎದುರಾಡಲಿಲ್ಲ, ಯಾಕೆ ಹಾಡಿದೆ ಎಂದು ನಿನ್ನಣ್ಣ ಕೇಳಿದರೂ ಬಾಯಿ ಬಿಡಲಿಲ್ಲ, ಊಟ ಮಾತ್ರ ಬಿಟ್ಟಳು. ನಾನಾದರೂ ಬುದ್ಧಿ ಹೇಳಬೇಡವೇ? ‘ಅವರಪ್ಪಗ ಕಾಗದ ಬರೀರಿ, ಬಂದು ಕರಕೊಂಡು ಹೋಗ್ಲಿ’ ಎಂದು ನಿನ್ನಮ್ಮ ಹೇಳಿದ್ದಕ್ಕೆ ತಲೆಯಾಡಿಸಿ ಬರೆಯಲು ಕೂತೆ.

ಮೊನ್ನೆ ಮಧ್ಯಾಹ್ನ ಆ ಕಾಗದಕ್ಕೆ ಖಾಲಿ ಹಾಳೆ ಹುಡುಕುತ್ತ ನಿನ್ನ ನೋಟುಬುಕ್ಕು ತೆಗೆದೆ. ಬಲಗಡೆಯ ಪುಟದಲ್ಲಿ ಅದೇ ತೆಲುಗು ಹಾಡು. ಎಡಗಡೆ ರಾರಾವಿಯ ದುರುಗಮ್ಮ ಹೇಳಿದ ಕನ್ನಡದ ಹಾಡು: ‘ತೌಡಿಗೆ ತಂದೀನಿ ತಿಪ್ಯಾಗಿನ ಕೂಸ, ಯಾರ ಕಣ್ಣಿಗೂ ಬ್ಯಾಡಾಗು.’ ಕೆಳಗೆ ನಿನ್ನ ಸಣ್ಣ ಅಕ್ಷರದಲ್ಲಿ, ‘ಎರಡೂ ಕಡೆ ಹಾಡಿದ ತಾಯಂದಿರಿಗೆ ಮೊದಲ ಕೂಸು ಹೋಗಿತ್ತು. ಬೇಡದ ಕೂಸೆಂದರೆ ಸಾವು ತಿರುಗಿ ನೋಡುವುದಿಲ್ಲವಂತೆ. ಜವಳದ ಹುಟ್ಟುಗೂದಲು ತೆಗೆಯುವವರೆಗೂ ಹಾಡಬೇಕು, ಯಾಕೆಂದು ಬಾಯಿಬಿಟ್ಟು ಹೇಳಬಾರದು. ಹೇಳಿದರೆ ಕಾವಲು ಹೋಯಿತು’ ಎಂದು ಬರೆದಿದ್ದೀ.

ಮಗಳೇ, ಅವಳಪ್ಪನಿಗೆ ಬರೆಯಬೇಕಿದ್ದ ಕಾಗದ ಬಿಟ್ಟು ಆ ಪುಟವನ್ನೇ ಮತ್ತೆ ಓದಿದೆ. ನಾನು ಹುಟ್ಟಿದ್ದು ರಾರಾವಿಯಲ್ಲಿ. ನನಗಿಂತ ಮೊದಲು ಮೂರು ಕೂಸು ಹೋಗಿದ್ದವು. ನನ್ನನ್ನು ತಿಪ್ಪೆಯ ಮೇಲೆ ಮಲಗಿಸಿ, ಪಕ್ಕದ ಮನೆಯ ಇದೇ ದುರುಗಮ್ಮ, ಆಗಿನ್ನೂ ಹರೆಯದವಳು, ಮೊರದ ತುಂಬ ತೌಡು ಕೊಟ್ಟು ಕೊಂಡು, ತಿರುಗಿ ನನ್ನವ್ವನ ಮಡಿಲಿಗೆ ಹಾಕಿದಳಂತೆ. ಸಾಲೆಗೆ ಸೇರಿಸುವವರೆಗೆ ನನ್ನ ಹೆಸರು ತಿಪ್ಪಣ್ಣ. ನಾಚಿಕೆಪಟ್ಟು ಇದನ್ನು ನಿನ್ನಮ್ಮನಿಗೂ ಹೇಳಿರಲಿಲ್ಲ. ಶಾಸ್ತ್ರ ಗೊತ್ತಿತ್ತು, ತೆಲುಗೂ ಗೊತ್ತಿತ್ತು, ಆದರೂ ಆ ಹುಡುಗಿಯ ಬಾಯಲ್ಲಿ ಅದು ನನಗೆ ಬೈಗುಳವಾಗಿ ಕೇಳಿಸಿತು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆಯುವವನೆಂದರೆ ನಾನೇ.

ಎರಡು ಪುಟವನ್ನೂ ನಿನ್ನಮ್ಮನಿಗೆ ಓದಿ ಹೇಳಿ, ನನ್ನ ಹಳೆಯ ಹೆಸರನ್ನೂ ಹೇಳಿದೆ. ಅವಳು ‘ನಾನೂ ಹೆದರೀನಿ, ಆಕಿನೂ ಹೆದರ್ಯಾಳ. ಇಬ್ರೂ ಒಂದಕ್ಕ ಹೆದರಿ ಹಿಂಗ ಕಚ್ಚಾಡಿದ್ವಲ್ರಿ’ ಎಂದಳು. ಎದ್ದು ಹೋಗಿ ಮಗುವನ್ನು ಚನ್ನವೀರಮ್ಮನ ತೊಡೆಯ ಮೇಲೆ ಮಲಗಿಸಿದಳು. ‘ಹಾಡವ್ವ, ನಿಲ್ಲಿಸಬ್ಯಾಡ’ ಅಂದಳಷ್ಟೇ, ಕಾರಣ ಎತ್ತಲಿಲ್ಲ. ಆ ಹುಡುಗಿ ಅಳುತ್ತಳುತ್ತಲೇ ಹಾಡಿತು. ನಾನು ಹೊರಗೆ ಕಟ್ಟೆಯ ಮೇಲೆ ಕೂತು ಕಣ್ಣೊರೆಸಿಕೊಂಡೆ, ಸುಳ್ಳು ಯಾಕೆ ಹೇಳಲಿ.

ನಿನ್ನಣ್ಣ, ಅತ್ತಿಗೆ ನಿನ್ನನ್ನು ಕೇಳಿದ್ದಾರೆ. ಅಮ್ಮ ತಲೆಗೆ ಎಣ್ಣೆ ಹಚ್ಚಿಕೋ ಎಂದಿದ್ದಾಳೆ. ದೇವರು ನಿನ್ನನ್ನು ತಣ್ಣಗೆ ಇಟ್ಟಿರಲಿ.

ನಿನ್ನ ಅಪ್ಪ,
ಮರಿಬಸಪ್ಪ

ತಾ.ಕ.: ಟಪಾಲು ಹೋಗುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಪಾರ್ವತಿನಗರದವರು ಕೇಳುತ್ತಿದ್ದಾರೆ ಎಂದು ಬರೆದದ್ದು ಅರ್ಧ ನಿಜ. ಹೋದ ತಿಂಗಳೇ ನಿನ್ನನ್ನು ಕೇಳದೆ ಮದುವೆಗೆ ಒಪ್ಪಿಕೊಂಡು ಎಲೆಅಡಿಕೆ ಹಿಡಿದು ಬಂದಿದ್ದೆ. ನಿನ್ನೆ ಬಳ್ಳಾರಿಯ ಬಸ್ಸು ಹತ್ತಿ ಹೋಗಿ ಮಾತು ಹಿಂದಕ್ಕೆ ತೆಗೆದುಕೊಂಡು ಬಂದೆ. ತಪ್ಪು ನನ್ನದು, ಹುಡುಗಿಗೆ ಏನೂ ಗೊತ್ತಿಲ್ಲ ಎಂದು ಅವರ ಮನೆಮಂದಿಯ ಎದುರು ಕೈಮುಗಿದು ಹೇಳಿದ್ದೇನೆ. ಕುಡಿಯಲು ನೀರೂ ಕೊಡಲಿಲ್ಲ, ಕೊಡದಿದ್ದದ್ದು ನ್ಯಾಯವೇ. ನಿನ್ನಮ್ಮನಿಗೆ ಇನ್ನೂ ಹೇಳಿಲ್ಲ, ಇವತ್ತು ಹೇಳುತ್ತೇನೆ. ನೀನು ಓದು. ಎರಡು ವರ್ಷ ಸಾಲದಿದ್ದರೆ ಮೂರು ವರ್ಷ ಓದು.