ಅಕ್ಕನ ವಾಕರ್‌ಗೆ ಆರ್ಗಾನ್

ಮಾರ್ಚ್ 9, 2025, ಭಾನುವಾರ
ಬೆಳಿಗ್ಗೆಯಿಂದ ಗೇಟಿನ ಬೆಸುಗೆ. ಪರವಾಗಿಲ್ಲ, ರಜೆ ದಿನಗಳ ಹವ್ಯಾಸವಾದರೂ ಕಬ್ಬಿಣ ಈಗ ನನ್ನ ಮಾತು ಕೇಳುತ್ತದೆ. ಮಧ್ಯಾಹ್ನ ಅಕ್ಕನ ಅಳತೆ ತೆಗೆದೆ. ಲಕ್ವಾ ಹೊಡೆದು ಎರಡು ವರ್ಷ, ಎಡಗೈಯಲ್ಲಿ ಹಿಡಿತವಿಲ್ಲ. ಕ್ಯಾಂಪಿನಲ್ಲಿ ಕೊಟ್ಟ ಕಬ್ಬಿಣದ ವಾಕರ್ ಎತ್ತಲಾರಳು. ಬಸವಕಲ್ಯಾಣದ ಅಂಗಡಿಯಲ್ಲಿ ಹಗುರದ್ದು ಸಿಗುತ್ತದೆ, ಆದರೆ ಎಡ ಮೊಣಕೈ ಊರಲು ಜಾಗವಿಲ್ಲ. ನಾನೇ ಅಲ್ಯುಮಿನಿಯಂನಲ್ಲಿ ಮಾಡುತ್ತೇನೆ ಎಂದೆ.

"ಬುದ್ಧ ಪೂರ್ಣಿಮಾಕ್ಕ ವಿಹಾರತನಾ ಯಾರ ಕೈ ಹಿಡೀಲಾರ್ದೆ ನಡೀಬೇಕಂತ ಅದ ತಮ್ಮಾ," ಎಂದಳು. ಅವ್ವ ಸತ್ತ ಮೇಲೆ ಕೂಲಿ ಮಾಡಿ ನನ್ನನ್ನು ಓದಿಸಿದವಳು. ಕೇಳಿದ್ದು ಇದೊಂದೇ.

ಮಾರ್ಚ್ 15, ಶನಿವಾರ
ಹುಮನಾಬಾದ್. ಕಾಲೇಜಿನ ಡ್ಯೂಟಿ ಮುಗಿಸಿ, ಬೆಸುಗೆಗೆ ಗಾಳಿ ತಾಗದಂತೆ ಬಿಡುವ ಗ್ಯಾಸಿನ ಅಂಗಡಿಗೆ. ಮನೆಯಲ್ಲಿರುವ ಸಿಲಿಂಡರೇ ಸಾಲದೇ ಎಂದು ಕೇಳಿದೆ. ಅಂಗಡಿಯ ಮೀನಾಜ್ ನಕ್ಕಳು.

"ಒಂದ ಮಸಾಲಿ ಎಲ್ಲಾ ಪಲ್ಯಾಕ್ ನಡೀತದೇನ್ರಿ ನರಸಿಂಗಣ್ಣ? ಕಬ್ಬಿಣಕ್ಕ ನೀವು ಒಯ್ದಿದ್ದ ಮಿಕ್ಸ್ ಬರೋಬ್ಬರಿ ಅದ. ಆರ್ಗಾನ್‌ದಾಗ ಜರಾ ಕಾರ್ಬನ್ ಡೈಆಕ್ಸೈಡ್ ಕೂಡಿರ್ತದ. ಸ್ಟೀಲಿಗಿ ಅದು ಭಾಳ ಕಮ್ಮಿ ಇರಬೇಕು. ಅಲ್ಯುಮಿನಿಯಂಗ ಖಾಲಿಸ್ ಆರ್ಗಾನೇ ಆಗಬೇಕ್ರಿ. ಮಿಕ್ಸ್ ಬಿಟ್ರಿ ಅಂದ್ರ ಕರ್ರಗ ಮಸಿ ಕೂಡ್ತದ, ಜೋಡು ನಿಲ್ಲಂಗಿಲ್ಲ."

ಶುದ್ಧ ಆರ್ಗಾನ್ ತಂದೆ. ಎರಡೂ ನೀಲಿ ಸಿಲಿಂಡರ್. ಮಿಕ್ಸ್‌ನ ಕುತ್ತಿಗೆಗೆ ಅಂಗಡಿಯವರೇ ಬಳಿದ ಕಪ್ಪು ಪಟ್ಟಿ ಇದೆ, ಅಷ್ಟೇ ಗುರುತು. ಮನೆಗೆ ಬಂದು ಆರ್ಗಾನ್ ಬಾಗಿಲ ಬಳಿ ಇಟ್ಟೆ, ಮಿಕ್ಸ್ ಮೂಲೆಯಲ್ಲಿ.

ಏಪ್ರಿಲ್ 13, ಭಾನುವಾರ
ನಾಳೆ ಜಯಂತಿ. ಓಣಿಯೆಲ್ಲ ನೀಲಿ. ಸಂಜೆ ಬಂದರೆ ಅಕ್ಕ ಬಲಗೈಯಲ್ಲಿ ಬ್ರಷ್ ಹಿಡಿದು ಕೂತಿದ್ದಾಳೆ! ಮಿಕ್ಕಿದ ಬಣ್ಣದಲ್ಲಿ ಸ್ಟೂಲು, ಬಿಂದಿಗೆಯ ಕಟ್ಟೆ, ನನ್ನ ಸಿಲಿಂಡರುಗಳು, ಎಲ್ಲ ಹೊಸದಾಗಿವೆ. ಎರಡು ವರ್ಷದಲ್ಲಿ ಅವಳು ತಾನಾಗಿ ಮಾಡಿದ ಮೊದಲ ಕೆಲಸ. ಕೆನ್ನೆಗೂ ಬಣ್ಣ. ಕಣ್ಣು ತುಂಬಿತು, ಸುಳ್ಳೇಕೆ.

ಏಪ್ರಿಲ್ 27, ಭಾನುವಾರ
ವಾಕರ್ ಬೆಸೆದೆ. ಬಾಗಿಲ ಬಳಿಯ ಸಿಲಿಂಡರ್ ಹಾಕಿದೆ. ಬೆಸುಗೆ ಕಪ್ಪಾಗುತ್ತಿದೆ... ತಂತಿ ಬ್ರಷ್ ಹೊಡೆದೆ, ಮತ್ತೆ ಕಪ್ಪು. ಮೀನಾಜ್ ಹೇಳಿದ ಮಸಿಯೇ? ಛೇ, ಆರ್ಗಾನೇ ಹಾಕಿದ್ದೇನೆ. ಹಳೆಯ ಪೈಪು, ಜಿಡ್ಡು ಇರಬೇಕು. ಉಜ್ಜಿ ನುಣ್ಣಗೆ ಮಾಡಿ ಬೆಳ್ಳಿ ಬಣ್ಣ ಹೊಡೆದೆ. ಪೂರ್ಣಿಮೆಗೆ ಹದಿನೈದೇ ದಿನ.

ಮೇ 12, ಪೂರ್ಣಿಮೆ, ರಾತ್ರಿ
ಬಿಳಿ ಸೀರೆ ಉಟ್ಟಿದ್ದಳು. ಮನೆಯಿಂದ ವಿಹಾರದ ಮೆಟ್ಟಿಲವರೆಗೆ ಬಂದಳು. ಒಬ್ಬಳೇ! ಅಲ್ಲಿ ವಾಕರಿನ ಎಡಗಡೆಯ ಬೆಸುಗೆ ಕಿತ್ತುಬಂತು. ಕಲ್ಲಿನ ಮೇಲೆ ಬಿದ್ದಳು. ಸೊಂಟದ ಮೂಳೆ. ಬೀದರಿಗೆ ಒಯ್ದೆವು. ಬರೆಯಲಾಗುತ್ತಿಲ್ಲ.

ಮೇ 17, ಶನಿವಾರ
ಮುರಿದ ತುಂಡು ಮೀನಾಜ್‌ಗೆ ತೋರಿಸಿದೆ. ಒಳಗೆಲ್ಲ ತೂತು. "ಇದು ಮಿಕ್ಸೇ ಹೊಡ್ದಿದ್ದು, ಅಣ್ಣ," ಎಂದಳು, ಮೆಲ್ಲಗೆ.

ಮನೆಗೆ ಬಂದು ಬಾಗಿಲ ಬಳಿಯ ಸಿಲಿಂಡರಿನ ಕುತ್ತಿಗೆ ಕೆರೆದೆ. ನೀಲಿಯ ಕೆಳಗೆ ಕಪ್ಪು ಪಟ್ಟಿ. ನನ್ನ ಹೆಂಡತಿ ಧನಶ್ರೀಯನ್ನು ಕೇಳಿದೆ. ಬಣ್ಣ ಹಚ್ಚಲೆಂದು ಎರಡನ್ನೂ ಅಕ್ಕನ ಮಂಚದ ಬಳಿಗೆ ಉರುಳಿಸಿದ್ದಳಂತೆ. ತಿರುಗಿ ಇಡುವಾಗ ಅದಲುಬದಲು.

ಒಂದು ಗಳಿಗೆ ಎದೆ ಹಗುರಾಯಿತು — ತಪ್ಪು ನನ್ನದಲ್ಲ ಎಂದು. ಥೂ ನನ್ನ ಜನ್ಮಕ್ಕೆ. ಮಸಿ ಕಂಡಿತ್ತಲ್ಲ. ಕಂಡೂ ಬೆಳ್ಳಿ ಬಣ್ಣ ಹೊಡೆದವನು ನಾನೇ.

ಮೇ 25
ಅಕ್ಕ ಮನೆಗೆ ಬಂದಳು. ಮೂರು ತಿಂಗಳು ಮಲಗಿರಬೇಕು. ಆಮೇಲೂ ನಡೆಯುವ ಮಾತು ಕೊಡಲಾರೆ ಎಂದರು ಡಾಕ್ಟರು.

"ನನ್ನ ಭಾರಕ್ಕೇ ಮುರೀತು ನೋಡು."

"ಇಲ್ಲಕ್ಕಾ, ನನ್ನ ಕೆಲಸಾನೇ ಕೆಟ್ಟಿತ್ತು."

"ಹುಚ್ಚಪ್ಪಾ, ನಿನ್ನ ಕೈಯಾಗಿಂದು ಹ್ಯಾಂಗ ಕೆಡ್ತದ? ನನ್ನ ಸಮಾಧಾನಕ್ಕ ಹೇಳಾಕತ್ತಿ."

ನಂಬಲೇ ಇಲ್ಲ. ನಂಬಿಸಬೇಕೆಂದರೆ ಗ್ಯಾಸಿನ ಮಾತು ತೆಗೆಯಬೇಕು, ಗ್ಯಾಸೆಂದರೆ ಅವಳು ಹಚ್ಚಿದ ಬಣ್ಣ. ಅವಳ ಹೊದಿಕೆ ಸರಿಮಾಡಿ ಎದ್ದೆ.

ಜೂನ್ 8, ಭಾನುವಾರ
ಮೆಷಿನ್ ಮುಟ್ಟಿಲ್ಲ. ಮುಟ್ಟುವುದೂ ಇಲ್ಲ.

ಧನಶ್ರೀ ಇವತ್ತು ಹೇಳಿದಳು. ಅಕ್ಕ ಎರಡು ವಾರದಿಂದ ಅರ್ಧ ರೊಟ್ಟಿಯ ಮೇಲೆ ತಿನ್ನುತ್ತಿಲ್ಲ. ಉಳಿದದ್ದನ್ನು ದಿಂಬಿನ ಕೆಳಗೆ ಮುಚ್ಚಿಡುತ್ತಾಳೆ. ಕೇಳಿದರೆ, "ಹಗರ ಆದ್ರ ತಮ್ಮ ಮಾಡೋ ಮುಂದಿಂದು ಮುರಿಯಂಗಿಲ್ಲ" ಎಂದಳಂತೆ.

ಹೋಗಿ ನೋಡಿದೆ. ನಿದ್ದೆಯಲ್ಲಿದ್ದಳು. ಬಳೆ ಮೊಣಕೈವರೆಗೆ ಜಾರಿದೆ. ಇಷ್ಟು ದಿನ ನನ್ನ ಕಣ್ಣಿಗೆ ಏನಾಗಿತ್ತು?

ಹೇಳಿಬಿಡುತ್ತೇನೆ. ಮಸಿಯದು ಮೊದಲು, ಬಣ್ಣದ್ದು ಆಮೇಲೆ. ಅವಳಿಗೆ ಇರುವುದೇ ಒಂದು ಕೈ, ಬಣ್ಣ ಹಚ್ಚಿದ್ದೂ ಅದೇ. ಇನ್ನು ಮೇಲೆ ಅದನ್ನು ನೋಡಿಕೊಂಡಾಗಲೆಲ್ಲ ಅವಳು...

ಎದ್ದಿದ್ದಾಳೆ. ಕರೆಯುತ್ತಿದ್ದಾಳೆ. ಮೊದಲು ರೊಟ್ಟಿ ತಿನ್ನಿಸಿ, ಆಮೇಲೆ...