ಖಾಲಿ ಗೋಡೆಯ ಐದು ಮಕ್ಕಳು

ಪಾರಂಪರಿಕ ಕಟ್ಟಡಗಳ ಕಡತಕ್ಕೆ ಸಹಿ ಹಾಕುವ ಮಾನ್ಯ ಅಧಿಕಾರಿಗಳೇ,

ನೀವು ‘ಖಾಲಿ’ ಎಂದು ವರದಿ ಬರೆದ ಗೋಡೆಯ ಮೇಲೆ ಚಿತ್ರವಿತ್ತು. ಈಗ ಅದರ ಅರ್ಧಕ್ಕೆ ಬಿಳಿ ಬಣ್ಣ ಬಿದ್ದಿದೆ. ಉಳಿದರ್ಧವನ್ನು ಅಡ್ಡ ಕುಳಿತು ಉಳಿಸಿದ ಎಪ್ಪತ್ತೆಂಟು ವರ್ಷದ ಹೆಂಗಸಿಗೆ, ಸರಕಾರಿ ಕೆಲಸಕ್ಕೆ ಅಡ್ಡಿಪಡಿಸಿದ್ದೀರಿ ಎಂದು ನೋಟಿಸು ಕಳಿಸಿದ್ದೀರಿ. ನಿಮ್ಮ ಕಚೇರಿಯ ದಕ್ಷತೆಯನ್ನು ಮೆಚ್ಚಲೇಬೇಕು. ಗೋಡೆ ನೋಡಲು ಬಾರದವರಿಗೆ ನೋಟಿಸು ತಲುಪಿಸುವ ದಾರಿ ಮಾತ್ರ ಚೆನ್ನಾಗಿ ಗೊತ್ತಿದೆ.

ನಾನು ತೋಡಾರಿನವಳು, ಫೋಟೊಗ್ರಾಫರ್. ನಮ್ಮ ಬ್ಯಾರಿ ಮುಸ್ಲಿಮರ ಮದುವೆಗಳಲ್ಲಿ ಹೆಂಗಸರ ಕೋಣೆಯ ಫೋಟೊ ತೆಗೆಯಲು ಹೆಂಗಸೇ ಬೇಕೆಂಬ ಕಾರಣಕ್ಕೆ ಈ ಕೆಲಸಕ್ಕೆ ಬಂದವಳು. ಅಳದಂಗಡಿಯ ಆಚೆಗಿರುವ ಆ ಹಳೆಯ ಇಗರ್ಜಿಯ ಮಾಡು ಸೋರುತ್ತಿತ್ತು. ರಿಪೇರಿಗೆ ಅನುಮತಿ ಬೇಕಿದ್ದರೆ ಮೊದಲು ಒಳಾಂಗಣದ ಫೋಟೊ ದಾಖಲೆ ಸಲ್ಲಿಸಿ ಎಂದಿರಿ. ಅಲ್ಲಿನ ಫಾದರ್ ನನ್ನನ್ನು ಕರೆದರು.

ಆ ಇಗರ್ಜಿಯ ಒಳಗೆ ನೀವು ಕಾಲಿಟ್ಟಿದ್ದರೆ ಇದನ್ನು ನಾನು ವಿವರಿಸಬೇಕಿರಲಿಲ್ಲ. ಮರದ ಮಾಡು, ಬೆಂಚುಗಳು, ಪಾಪನಿವೇದನೆಯ ಗೂಡು ಎಲ್ಲವೂ ಕತ್ತಲಲ್ಲಿವೆ. ಪೀಠದ ಬಲಗಡೆಯ ಗೋಡೆಗೆ ಮಾತ್ರ ಕಿಟಕಿಯ ಬಿಸಿಲು ನೇರವಾಗಿ ಬೀಳುತ್ತದೆ. ಒಂದೇ ಕ್ಲಿಕ್ಕಿನಲ್ಲಿ ಎರಡೂ ಸಿಗುವುದಿಲ್ಲ. ಕತ್ತಲು ಕಂಡರೆ ಗೋಡೆ ಬೆಳ್ಳಗಾಗಿ ಅಳಿಸಿಹೋಗುತ್ತದೆ, ಗೋಡೆ ಕಂಡರೆ ಉಳಿದದ್ದೆಲ್ಲ ಕಪ್ಪು. ಅದಕ್ಕೇ ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಅಲುಗದಂತೆ ನಿಲ್ಲಿಸಿ, ಬೆಳಕು ಹೆಚ್ಚು ಕಡಿಮೆ ಮಾಡುತ್ತ ಏಳು ಫೋಟೊ ತೆಗೆದು, ಕಂಪ್ಯೂಟರಿನಲ್ಲಿ ಒಂದಾಗಿ ಸೇರಿಸುತ್ತೇವೆ. ಎಚ್‌ಡಿಆರ್ ಎನ್ನುವುದು ಇದಕ್ಕೇ. ಹೀಗೆ ಸೇರಿಸಿದ ಚಿತ್ರಗಳನ್ನೇ ನಾನು ಮೊದಲು ಕಳಿಸಿದ್ದು. ‘ಕಂಪ್ಯೂಟರಿನಲ್ಲಿ ತಿದ್ದಿದ ಚಿತ್ರಗಳನ್ನು ಪರಿಗಣಿಸಲಾಗುವುದಿಲ್ಲ’ ಎಂದು ವಾಪಸ್ ಮಾಡಿದಿರಿ. ಸರಿ ಎಂದು ಏಳೇಳು ಮೂಲ ಫೋಟೊಗಳನ್ನೂ ಕಳಿಸಿದೆ. ನಿಮ್ಮ ಕಚೇರಿಯಿಂದ ಫೋನು ಬಂತು.

“ಎಂತ ಮೇಡಂ, ಒಂದೇ ಫೋಟೊವನ್ನು ಏಳೇಳು ಸಲ ಕಳಿಸಿದ್ದೀರಿ? ಕಪ್ಪು ಬಂದದ್ದೆಲ್ಲ ಹಾಳಾದದ್ದಲ್ವಾ? ಬೆಳಕು ಇರುವುದು ಒಂದೊಂದೇ ಸಾಕು.”

“ಬೆಳಕಿನದ್ದರಲ್ಲಿ ಆ ಗೋಡೆಯ ಚಿತ್ರ ಕಾಣುವುದೇ ಇಲ್ಲ ಸರ್.”

“ಅದನ್ನು ಸಾಹೇಬರು ಸ್ಥಳಕ್ಕೆ ಬಂದು ನೋಡ್ತಾರೆ, ನೀವು ತಲೆಬಿಸಿ ಮಾಡ್ಬೇಡಿ.”

ನಾನು ತಲೆಬಿಸಿ ಮಾಡಲಿಲ್ಲ. ನನ್ನ ತಪ್ಪು ಅದೇ, ಅದನ್ನು ಇಲ್ಲೇ ಒಪ್ಪಿಕೊಳ್ಳುತ್ತೇನೆ. ಬೆಳ್ಳಗಿನ ಫೋಟೊಗಳನ್ನು ಕಳಿಸಿ, ‘ಇವು ತಿದ್ದುಪಡಿಯಿಲ್ಲದ ನೈಜ ಚಿತ್ರಗಳು’ ಎಂಬ ಪತ್ರಕ್ಕೆ ಸಹಿಯನ್ನೂ ಹಾಕಿದೆ. ತಿದ್ದಿರಲಿಲ್ಲ, ನಿಜ. ಆದರೆ ಇದ್ದದ್ದು ಅವುಗಳಲ್ಲಿ ಇರಲಿಲ್ಲ. ಸಾಹೇಬರು ಬರಲೂ ಇಲ್ಲ. ಆದರೂ ವರದಿಯಲ್ಲಿ ‘ಸ್ಥಳ ಪರಿಶೀಲಿಸಲಾಗಿದೆ, ನಾಲ್ಕನೇ ಗೋಡೆ ಖಾಲಿ, ಬಿಳಿ ಬಣ್ಣ ಬಳಿಯಬಹುದು’ ಎಂದಿದೆ. ಏನನ್ನು ಪರಿಶೀಲಿಸಿದಿರಿ ಸ್ವಾಮಿ? ನನ್ನ ಸಹಿಯಿರುವ ಸುಳ್ಳು ಫೋಟೊವನ್ನೇ? ಸೇರಿಸಿದ ಚಿತ್ರ ತಿದ್ದಿದ್ದು ಎನ್ನುವ ನೀವು, ಹೋಗದ ಜಾಗಕ್ಕೆ ಹೋಗಿ ಬಂದೆವು ಎಂದು ಬರೆಯುವುದಕ್ಕೆ ಏನೆನ್ನುತ್ತೀರಿ?

ಆ ಗೋಡೆಯಲ್ಲಿ ಏನಿತ್ತು ಎಂದು ಈಗಲಾದರೂ ಕೇಳಿ. ಮಾತೆ ಮರಿಯಮ್ಮನ ಹುಟ್ಟುಹಬ್ಬಕ್ಕೆ ಹೊಸ ತೆನೆ ತರುವ ಮೊಂತಿ ಹಬ್ಬದ ಚಿತ್ರ. ಹೊಸ ತೆನೆ ಹಿಡಿದ ಹೆಂಗಸರು, ಅವರ ಬಲಕ್ಕೆ ಹೂಬುಟ್ಟಿ ಹಿಡಿದ ಐದು ಮಕ್ಕಳು, ತುದಿಯಲ್ಲಿ ಮರಿಯಮ್ಮ. ನೂರಿಪ್ಪತ್ತು ವರ್ಷದ ಹಿಂದೆ ಊರಿನ ಮಕ್ಕಳನ್ನೇ ಎದುರು ನಿಲ್ಲಿಸಿ ಬರೆದದ್ದಂತೆ. ಆ ಮಕ್ಕಳಲ್ಲಿ ಎಡದಿಂದ ಮೂರನೆಯವಳು, ನೀವು ನೋಟಿಸು ಕೊಟ್ಟ ಸೆವ್ರಿನ್ ಬಾಯಿಯವರ ಅಜ್ಜಿ. ಆ ಅಜ್ಜಿಯ ಫೋಟೊ ಒಂದೂ ಇಲ್ಲ. ಸೆವ್ರಿನ್ ಬಾಯಿ ಪ್ರತಿ ಆದಿತ್ಯವಾರ ಪೂಜೆ ಮುಗಿದ ಮೇಲೆ ಆ ಗೋಡೆಯ ಹತ್ತಿರ ಹೋಗಿ ನಿಂತು, ಆಮೇಲೆ ಮನೆಗೆ ಹೊರಡುವವರು.

ಬಣ್ಣ ಬಳಿದ ದಿನ ಫಾದರ್ ಮಂಗಳೂರಿಗೆ ಹೋಗಿದ್ದರು. ಗೋಡೆಗಳನ್ನು ನಂಬರಿನಲ್ಲಿ ಬರೆದ ನಿಮ್ಮ ಆದೇಶದಲ್ಲಿ ನಾಲ್ಕನೆಯದು ಯಾವುದೆಂದು ಅವರಿಗೂ ತಿಳಿದಿರಲಿಲ್ಲ. ಗುಡಿಸಲು ಬಂದ ಸೆವ್ರಿನ್ ಬಾಯಿ ನೋಡುವಾಗ ಅಟ್ಟಳಿಗೆಯ ಮೇಲೆ ನಿಮ್ಮ ಕಚೇರಿ ಕಳಿಸಿದ ಪೈಂಟರ್ ಮನ್ವಿತ್ ಇದ್ದ. ಚಿತ್ರದ ಹೆಂಗಸರೆಲ್ಲ ಬಣ್ಣದಡಿಗೆ ಹೋಗಿಯಾಗಿತ್ತು.

“ಖಾಲಿ ಗೋಡೆ ಅಂತ ಆರ್ಡರ್‌ನಲ್ಲಿ ಉಂಟು ಬಾಯಮ್ಮ, ನಾನು ಎಂತ ಮಾಡುವುದು?” ಎಂದನಂತೆ.

ಅವರು ಕುರ್ಚಿ ಎಳೆದು ಅಟ್ಟಳಿಗೆಯ ಏಣಿಗೆ ಅಡ್ಡ ಹಾಕಿ, ಜಪಸರ ಹಿಡಿದು ಕುಳಿತರು. ಮೂರು ದಿನ ಕುಳಿತರು, ಕೆಲಸ ನಿಂತ ಮೇಲೂ ದಿನಾ ಬಂದು ಅಲ್ಲೇ ಕೂರುತ್ತಾರೆ. ಸುದ್ದಿ ಕೇಳಿ ನಾನು ಓಡಿಹೋದಾಗ ನನ್ನ ಕೈ ಹಿಡಿದು ಕೇಳಿದ್ದು ಒಂದೇ ಮಾತು: “ನೀನು ತೆಗೆದದ್ದರಲ್ಲಿ ನಮ್ಮ ಅಜ್ಜಿ ಇದ್ದಳಲ್ಲ ಮಗಾ? ಮತ್ತೆ ಅವರಿಗೆ ಯಾಕೆ ಕಾಣಲಿಲ್ಲ?”

ನನಗೆ ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು. ಆ ಸಿಟ್ಟು ಇನ್ನೂ ಇಳಿದಿಲ್ಲ. ಅವರ ಅಜ್ಜಿ ಇದ್ದದ್ದು ನೀವು ಹಾಳಾದದ್ದು ಎಂದು ಎಸೆದ ಕಪ್ಪು ಫೋಟೊಗಳಲ್ಲಿ.

ಸೆವ್ರಿನ್ ಬಾಯಿಗೆ ಕೊಟ್ಟ ನೋಟಿಸನ್ನು ಹಿಂತೆಗೆದುಕೊಳ್ಳಿ. ವರದಿ ರದ್ದು ಮಾಡಿ. ಬಿದ್ದ ಬಣ್ಣವನ್ನು ಚಿತ್ರಕ್ಕೆ ಏಟಾಗದಂತೆ ತೆಗೆಯಬಲ್ಲವರನ್ನು ಕಳಿಸಿ. ಅದಕ್ಕೂ ಮೊದಲು, ಬೆಳಿಗ್ಗೆ ಹತ್ತು ಗಂಟೆಗೆ ನೀವೇ ಬನ್ನಿ. ಹೊರಗಿನ ಬಿಸಿಲಿನಿಂದ ಒಳಗೆ ಬಂದ ಕಣ್ಣಿಗೆ ಮೊದಲು ಏನೂ ಕಾಣುವುದಿಲ್ಲ, ಎರಡು ನಿಮಿಷ ನಿಲ್ಲಿ. ಎಡಗಡೆಯ ಎರಡು ಮಕ್ಕಳು ಈಗ ಇಲ್ಲ. ಮೂರನೆಯವಳ ಬುಟ್ಟಿಯೂ ಅದನ್ನು ಹಿಡಿದ ಕೈಯೂ ಬಣ್ಣದಡಿಗೆ ಹೋಗಿವೆ. ಮುಖ ಉಳಿದಿದೆ. ಅದರ ಕೆಳಗೆ ಕುರ್ಚಿಯಲ್ಲಿ ಕುಳಿತವರ ಮುಖವನ್ನೂ ಒಮ್ಮೆ ನೋಡಿ, ಗೋಡೆ ಖಾಲಿ ಎಂದು ಅವರ ಎದುರೇ ಇನ್ನೊಮ್ಮೆ ಬರೆಯಿರಿ.

ಇಂತಿ,
ಏಳು ಸಲ ಕಂಡದ್ದನ್ನು ಕಂಡಿಲ್ಲವೆಂದು ಸಹಿ ಹಾಕಿಕೊಟ್ಟ
ಮುರ್ಶಿದಾ, ತೋಡಾರು